ಪಾಪ, ಒಂದು ತುತ್ತು ತಿನ್ಲಿ ಬಿಡಿ

ಹಾಸನದ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಪಶುಪಾಲನಾ ಇಲಾಖೆಯ ಅಧಿಕಾರಿಗಳಿಗೆ, ನಗರದ ಕಸ-ಕಡ್ಡಿ ನೋಡಿಕೊಳ್ಳುವವರಿಗೆ, ಹಾಗೆಯೇ ಹಾಸನಾಂಬೆಯ ದರ್ಶನಕ್ಕೆಂದು ಬಂದು ನಮ್ಮ ಮನೆಗಳಲ್ಲಿ ಉಳಿಯಲಿರುವ ನೆಂಟರಿಷ್ಟರಿಗೆ,

ನಮಸ್ಕಾರ.

ಸಾಹೇಬರಿಗೂ ನೆಂಟರಿಗೂ ಸೇರಿಸಿ ಒಂದೇ ಪತ್ರ ಬರೆಯುವ ಪದ್ಧತಿ ಇಲ್ಲ, ಗೊತ್ತು. ಮೂವತ್ತು ವರ್ಷ ಮಕ್ಕಳಿಗೆ ಪತ್ರಲೇಖನ ಕಲಿಸಿದವಳು ನಾನು. ಯಾವ ಹುಡುಗನಾದರೂ ಹೀಗೆ ಬರೆದಿದ್ದರೆ ಎರಡು ಅಂಕ ಕಳೆಯುತ್ತಿದ್ದೆ. ಆದರೆ ನಾನು ಹೇಳಹೊರಟಿರುವುದು ಹಬ್ಬದೂಟ ನಾಯಿ, ಬೆಕ್ಕು, ಹಸುಗಳ ಜೀವಕ್ಕೇ ಮುಳುವಾಗುವ ವಿಷಯ. ಅದರ ಅರ್ಧ ಭಾಗ ನಮ್ಮ ಊಟದ ಪಂಕ್ತಿಯಲ್ಲಿದೆ, ಇನ್ನರ್ಧ ನಿಮ್ಮ ಕಚೇರಿಗಳಲ್ಲಿದೆ. ಬೇರೆ ಬೇರೆ ಬರೆದರೆ ಅವರು ಇವರದು ಅಂತಾರೆ, ಇವರು ಅವರದು ಅಂತಾರೆ.

ಮಹಾಲಯ ಅಮಾವಾಸ್ಯೆ ಕಳೆಯಿತು. ಆಶ್ವಯುಜ ಹುಣ್ಣಿಮೆಯಾದ ಮೇಲೆ ಬರುವ ಮೊದಲ ಗುರುವಾರ ಅಮ್ಮನವರ ಗುಡಿ ಬಾಗಿಲು ತೆಗೆಯುತ್ತಾರೆ. ಅಲ್ಲಿಂದ ಬಲಿಪಾಡ್ಯಮಿ ಮುಗಿದು ಮತ್ತೆ ಬಾಗಿಲು ಹಾಕುವವರೆಗೆ ಹಾಸನದಲ್ಲಿ ಯಾರ ಮನೆಯೂ ಪೂರ್ತಿ ಅವರದಾಗಿ ಇರುವುದಿಲ್ಲ. ವರ್ಷಕ್ಕೊಂದೇ ಸಲ ಸಿಗುವ ದರ್ಶನ, ಬರುವವರು ಬರಲೇಬೇಕು. ಹಾಲ್‌ನಲ್ಲಿ ಚಾಪೆ, ಮಹಡಿಯಲ್ಲಿ ಚಾಪೆ, ಸ್ಟೋರ್‌ ರೂಮಿನಲ್ಲೂ ಚಾಪೆ. ಗುಡಿಯ ಕ್ಯೂಗಿಂತ ನಮ್ಮ ಬಚ್ಚಲ ಮುಂದಿನ ಕ್ಯೂ ಉದ್ದ ಎಂದು ನಮ್ಮ ಯಜಮಾನರು ಪ್ರತಿವರ್ಷ ಅದೇ ಜೋಕು ಹೇಳುತ್ತಾರೆ, ನಾವೂ ಪ್ರತಿವರ್ಷ ನಗುತ್ತೇವೆ. ನೆಂಟರು ಬರುವುದರ ಬಗ್ಗೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿ ಯಾರೂ ತಪ್ಪು ತಿಳಿಯಬಾರದು.

ಕಳೆದ ವರ್ಷ ನಮ್ಮ ಮನೆಯಲ್ಲಿ ಹದಿನೇಳು ಜನ, ಒಂದು ಬೆಕ್ಕು, ಒಂದು ನಾಯಿ ಇದ್ದೆವು. ನಾಯಿ ಗುಂಡ. ಆರು ವರ್ಷದ ಹಿಂದೆ ಮಹಾರಾಜ ಪಾರ್ಕಿನ ಹತ್ತಿರ ಮಳೆಯಲ್ಲಿ ನೆನೆಯುತ್ತ ಕೂತಿದ್ದ ಮರಿ. ಜಾತಿಗೀತಿ ಏನಿಲ್ಲ, ಹದಿನೆಂಟು ಕೆ.ಜಿ. ತೂಗುತ್ತಿದ್ದ ಕಂದು ಬಣ್ಣದ ಬೀದಿನಾಯಿ. ಜನರೆಂದರೆ ಪ್ರಾಣ ಅವನಿಗೆ. ಹಬ್ಬದಲ್ಲಿ ಅಷ್ಟು ಜನ ಒಟ್ಟಿಗೆ ಕೂತಾಗ ಪಂಕ್ತಿಯ ಕೊನೆಯಲ್ಲಿ ತಾನೂ ಕೂತು, ಬಡಿಸುವವರ ಕೈಯನ್ನೇ ನೋಡುತ್ತಿದ್ದ. ಆ ನೋಟಕ್ಕೆ ಕರಗದವರು ಯಾರು?

ನರಕ ಚತುರ್ದಶಿಯ ರಾತ್ರಿ ಎರಡು ಸಲ ವಾಂತಿ ಮಾಡಿದ. ಜಾಸ್ತಿ ತಿಂದಿದ್ದಾನೆ, ಸರಿಹೋಗುತ್ತದೆ ಅಂದುಕೊಂಡೆವು. ಅಮಾವಾಸ್ಯೆಯ ದಿನ ಮಂಕಾಗಿ ಮಲಗಿದ. ಪಟಾಕಿಗೆ ಹೆದರಿದ್ದಾನೆ ಅಂದುಕೊಂಡೆವು. ಹಬ್ಬದ ದಿನ ಯಾವುದಕ್ಕಾದರೂ ಒಂದು ಕಾರಣ ಕೈಗೆ ಸಿಕ್ಕಿಬಿಡುತ್ತದೆ. ಪಾಡ್ಯಮಿಯ ದಿನ ನೀರು ಕುಡಿದರೂ ಉಚ್ಚೆ ಹೊಯ್ಯುತ್ತಿಲ್ಲ ಎಂದು ಗೊತ್ತಾದಾಗ ಫೋನ್ ಹಿಡಿದು ಕೂತೆ. ನನಗೆ ತಿಳಿದಿದ್ದ ಎರಡು ಕಡೆ ಬಾಗಿಲು ಹಾಕಿತ್ತು. ಮೂರನೆಯವರು ಊರಿಗೆ ಹೋಗಿದ್ದರು. ಅವರಿಗೂ ಹಬ್ಬ, ಅವರಿಗೂ ಮನೆ ಮಕ್ಕಳು ಇದ್ದಾರೆ, ದೂರುತ್ತಿಲ್ಲ. ಮಾರನೇ ದಿನ ಒಬ್ಬ ಡಾಕ್ಟರು ಸಿಕ್ಕರು. ರಕ್ತ ತೆಗೆದು ಪರೀಕ್ಷೆ ಮಾಡಿಸಿ, ಕಿಡ್ನಿ ಕೈಕೊಟ್ಟಿದೆ ಅಂದರು. ಡ್ರಿಪ್ ಹಾಕಿದರು. ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆ: "ಒಣದ್ರಾಕ್ಷಿ ಏನಾದ್ರೂ ತಿಂದಿತ್ತಾ ಮೇಡಂ?"

ಇಲ್ಲ ಎಂದೆ. ನಾನಂತೂ ಕೊಟ್ಟಿರಲಿಲ್ಲ.

ಮನೆಗೆ ಬಂದು, ಅಷ್ಟು ಹೊತ್ತಿಗೆ ಅವರವರ ಊರು ಸೇರಿದ್ದ ನೆಂಟರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಹಳೆಯ ಹಾಜರಿ ಪುಸ್ತಕವೊಂದರ ಹಿಂದಿನ ಪುಟದಲ್ಲಿ ಬರೆದುಕೊಳ್ಳುತ್ತ ಹೋದೆ. ಅರಸೀಕೆರೆಯ ಚಿಕ್ಕಮ್ಮ ಹೋಳಿಗೆಯ ಅಂಚು ಮುರಿದು ತುಪ್ಪದಲ್ಲಿ ಅದ್ದಿ ಹಾಕಿದ್ದರು. ಮೈಸೂರಿನ ಭಾವನವರದು ಎರಡು ಕಜ್ಜಾಯ. ತಮ್ಮನ ಹೆಂಡತಿ ಪುಳಿಯೋಗರೆ ಕೊಟ್ಟಿದ್ದಳು, "ಸ್ವಲ್ಪವೇ ಅತ್ತಿಗೆ, ಖಾರ ಇತ್ತಲ್ಲ." ಬೆಂಗಳೂರಿನ ಹುಡುಗರದು ಚಿಪ್ಸು, ಒಂದು ತುಂಡು ಚಾಕೊಲೇಟು. ನಮ್ಮ ಯಜಮಾನರೇ ಸಂಜೆ ಕಾಫಿಗೆ ಮಾಡಿದ್ದ ಈರುಳ್ಳಿ ಬಜ್ಜಿ ಎಸೆದಿದ್ದರು, ಗಾಳಿಯಲ್ಲೇ ಹಿಡಿದನಂತೆ, ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ತಮ್ಮನ ಮೊಮ್ಮಗಳಿಗೆ ಎಂಟು ವರ್ಷ. ಅವಳಿಗೆ ಪಾಯಸದಲ್ಲಿ ದ್ರಾಕ್ಷಿ ಸಿಕ್ಕರೆ ಆಗದು. ಎರಡು ದಿನವೂ ಒಂದೊಂದಾಗಿ ಆರಿಸಿ ಗುಂಡನಿಗೆ ತಿನ್ನಿಸಿದ್ದಳು. ಯಾರೋ ಆಫೀಸಿನಲ್ಲಿ ಕೊಟ್ಟಿದ್ದರೆಂದು ತಂದಿದ್ದ ಡ್ರೈಫ್ರೂಟ್ಸ್ ಡಬ್ಬದ ದ್ರಾಕ್ಷಿಯ ಖಾನೆಯೂ ಅವನಿಗೇ ಹೋಗಿತ್ತು. "ಅಜ್ಜಿ, ದ್ರಾಕ್ಷಿ ಎಲ್ಲಾ ಅವನಿಗೇ ಕೊಟ್ಟೆ, ನಾನೊಂದೂ ತಿನ್ಲಿಲ್ಲ" ಎಂದು ಖುಷಿಯಿಂದ ಹೇಳಿದಳು.

ಪಟ್ಟಿಯಲ್ಲಿ ಹನ್ನೊಂದು ಹೆಸರಾಯಿತು. ಹನ್ನೊಂದನೆಯದು ನನ್ನದು. ಪಾಯಸದ ಪಾತ್ರೆಯನ್ನು ತೊಳೆಯುವ ಮೊದಲು ಗುಂಡನ ಮುಂದೆ ನೆಕ್ಕಲು ಇಟ್ಟವಳು ನಾನೇ. ಡಾಕ್ಟರ ಮುಂದೆ ಅದು ನೆನಪಿಗೇ ಬಂದಿರಲಿಲ್ಲ. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: "ಒಂದೇ ಒಂದು ತುತ್ತು ಕಣಕ್ಕ, ಪಾಪ ನೋಡ್ತಾ ಕೂತಿತ್ತು."

ಗುಂಡ ಶನಿವಾರ ಬೆಳಗ್ಗೆ ಹೋದ. ಆ ಹುಡುಗಿಗೆ ಕಾರಣ ಇವತ್ತಿಗೂ ಹೇಳಿಲ್ಲ. ವಯಸ್ಸಾಗಿತ್ತು ಅಂದೆವು.

ದ್ರಾಕ್ಷಿ ನಾಯಿಯ ಕಿಡ್ನಿಗೆ ಆಗಬಾರದು ಎಂಬುದು ಪ್ರಪಂಚಕ್ಕೇ ತಿಳಿದು ಬಹಳ ಕಾಲವಾಗಿಲ್ಲ. ಅಮೆರಿಕದಲ್ಲಿ ಪ್ರಾಣಿಗಳಿಗೆ ವಿಷವಾದಾಗ ಸಲಹೆ ಕೊಡುವ ಕೇಂದ್ರವೊಂದಿದೆ. ಅಲ್ಲಿಗೆ ಬರುತ್ತಿದ್ದ ಕರೆಗಳನ್ನು ಒಟ್ಟಿಗಿಟ್ಟು ನೋಡಿದವರು ಇದನ್ನು ಗಮನಿಸಿ 2001ರಲ್ಲಿ ಬರೆದರು. ದ್ರಾಕ್ಷಿಯಲ್ಲಿರುವ ಯಾವ ಅಂಶ ಹೀಗೆ ಮಾಡುತ್ತದೆ ಎಂಬುದು ಅದಾದ ಮೇಲೂ ಇಪ್ಪತ್ತು ವರ್ಷ ಒಗಟಾಗಿತ್ತು. ಬೇಕರಿಯಲ್ಲಿ ಬಳಸುವ ಒಂದು ಹುಳಿ ಪುಡಿಯನ್ನು ತಿಂದ ನಾಯಿಗಳಿಗೂ, ಹುಣಸೆಹಣ್ಣು ತಿಂದ ನಾಯಿಗಳಿಗೂ ಅದೇ ರೀತಿ ಕಿಡ್ನಿ ಕೆಟ್ಟದ್ದನ್ನು ಕಂಡು, ಈ ಮೂರಕ್ಕೂ ಸಮಾನವಾದ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಪಶುವೈದ್ಯರು 2022ರಲ್ಲಿ ಪ್ರಕಟಿಸಿದರು.

ಹುಣಸೆಹಣ್ಣು! ಓದಿದಾಗ ನಾನು ಎರಡು ಸಲ ಕನ್ನಡಕ ಒರೆಸಿಕೊಂಡೆ. ದ್ರಾಕ್ಷಿ ಹಬ್ಬಕ್ಕೊಮ್ಮೆ, ಹೋಗಲಿ. ಹುಣಸೆಹುಳಿ ಇಲ್ಲದ ಅಡುಗೆ ನಮ್ಮಲ್ಲಿ ಎಲ್ಲಿದೆ? ತಿಳಿಸಾರಿನಲ್ಲಿ ಕಿವುಚಿ ಹಾಕುವ ಗೋಲಿಗಾತ್ರದ ಹುಳಿಯ ಬಗ್ಗೆ ಹೆದರಿಸುತ್ತಿಲ್ಲ. ಪುಳಿಯೋಗರೆ ಗೊಜ್ಜು, ಒಬ್ಬಟ್ಟಿನ ಸಾರಿನ ತಳದ ಗಟ್ಟಿ, ಮಕ್ಕಳು ಚೀಪುವ ಹುಣಸೆ ಉಂಡೆ, ಒರಳುಕಲ್ಲಿನ ಪಕ್ಕ ಹಿಂಡಿ ಬಿಸಾಡಿದ ಹುಳಿಯ ಸಿಪ್ಪೆ, ಇವುಗಳಲ್ಲಿ ಅದು ಇಳಿದುಕೊಂಡಿರುತ್ತದೆ. ದ್ರಾಕ್ಷಿಯ ಜೊತೆ ಪುಳಿಯೋಗರೆಯೂ ಹೋಗಿತ್ತಲ್ಲ ಗುಂಡನ ಹೊಟ್ಟೆಗೆ, ಯಾವುದರಿಂದ ಆಯಿತೋ ದೇವರೇ ಬಲ್ಲ. ದ್ರಾಕ್ಷಿಯ ವಿಷಯದಲ್ಲಿ ಇನ್ನೂ ಒಂದು ಕಷ್ಟವಿದೆ. ಇಷ್ಟು ತಿಂದರೆ ಪರವಾಗಿಲ್ಲ, ಇಷ್ಟಕ್ಕೆ ಅಪಾಯ ಎಂದು ಗೆರೆ ಎಳೆಯಲಾಗುವುದಿಲ್ಲ. ಒಂದು ನಾಯಿ ಹಿಡಿ ದ್ರಾಕ್ಷಿ ತಿಂದು ಬಾಲ ಅಲ್ಲಾಡಿಸುತ್ತದೆ, ಇನ್ನೊಂದು ನಾಲ್ಕಕ್ಕೇ ಮಲಗುತ್ತದೆ. ಒಂದು ದಿನದೊಳಗೆ ವಾಂತಿ, ಆಮೇಲೆ ಒಂದೆರಡು ದಿನದಲ್ಲಿ ಕಿಡ್ನಿ. ತಿಂದ ಒಂದೆರಡು ಗಂಟೆಯೊಳಗೆ ಡಾಕ್ಟರ ಹತ್ತಿರ ಹೋದರೆ ಅವರು ವಾಂತಿ ಮಾಡಿಸಿ ತೆಗೆಸಬಲ್ಲರು. ನಾವು ಕಳೆದುಕೊಂಡದ್ದು ಆ ಒಂದೆರಡು ಗಂಟೆಯನ್ನು, ಅದರ ಮೇಲೆ ಮೂರು ದಿನವನ್ನು.

ಇಲ್ಲಿಗೆ ಬರುವಾಗ ಯಾರಾದರೂ ಹೇಳಿಯೇ ಹೇಳುತ್ತಾರೆ: "ನಮ್ಮಜ್ಜಿ ಕಾಲದಿಂದ ನಾಯಿಗೆ ಮಿಕ್ಕ ಅನ್ನ ಸಾರು ಹಾಕೇ ಸಾಕಿದ್ದು, ಯಾವುದಕ್ಕೂ ಏನೂ ಆಗಿಲ್ಲ." ನಮ್ಮಜ್ಜಿಯೂ ಹಾಗೇ ಸಾಕಿದ್ದು. ಚನ್ನರಾಯಪಟ್ಟಣದ ಕಡೆಯ ನಮ್ಮ ಊರಿನಲ್ಲಿ ಜಗಲಿಯ ಕೆಳಗೆ ಯಾವಾಗಲೂ ಎರಡು ನಾಯಿ ಇರುತ್ತಿದ್ದವು. ಆದರೆ ಸರಿಯಾಗಿ ನೆನಪು ಮಾಡಿಕೊಂಡರೆ, ಅವುಗಳ ಪಾಲಿಗೆ ಬೀಳುತ್ತಿದ್ದದ್ದು ತಳ ಹಿಡಿದ ಮುದ್ದೆ, ನೀರು ಮಜ್ಜಿಗೆ. ಪಾಯಸದಲ್ಲಿ ದ್ರಾಕ್ಷಿ ಹುಡುಕಲು ನಮಗೇ ಚಮಚ ಬೇಕಿತ್ತು, ನಾಯಿಗೆಲ್ಲಿ ಮಿಗುತ್ತಿತ್ತು? ಒಂದು ನಾಯಿ ನಾಲ್ಕೈದು ವರ್ಷಕ್ಕೆ ಕಾಣದಾದರೆ "ಎಲ್ಲೋ ಹೋಗಿ ಸತ್ತಿರಬೇಕು" ಅನ್ನುತ್ತಿದ್ದರು, ಅಷ್ಟೇ. ಏನೂ ಆಗಿಲ್ಲ ಎನ್ನುವುದಕ್ಕಿಂತ, ಏನಾಯಿತೆಂದು ಯಾರೂ ನೋಡಲಿಲ್ಲ ಎನ್ನುವುದು ಸರಿ.

ಗುಂಡ ಹೋದ ಮೇಲೆ ನಾನು ಹುಚ್ಚು ಹಿಡಿದವಳ ಹಾಗೆ ಓದಿದೆ, ಸಿಕ್ಕ ಡಾಕ್ಟರನ್ನೆಲ್ಲ ಕೇಳಿದೆ. ಎಲ್ಲವನ್ನೂ ಇಲ್ಲಿ ತುಂಬುವುದಿಲ್ಲ. ನಮ್ಮ ಹಬ್ಬದ ಅಡುಗೆಮನೆಗೆ ಸಂಬಂಧಪಟ್ಟಷ್ಟು ಹೇಳುತ್ತೇನೆ.

ಈರುಳ್ಳಿ, ಬೆಳ್ಳುಳ್ಳಿ ಹಸಿಯಾಗಿದ್ದರೂ ಬೇಯಿಸಿದರೂ ಬಜ್ಜಿಯಾದರೂ ಅಷ್ಟೇ, ನಾಯಿ ಬೆಕ್ಕುಗಳ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ಬೆಕ್ಕಿಗೆ ಇನ್ನೂ ಬೇಗ ಆಗುತ್ತದೆ. ಇದರ ಮೋಸವೆಂದರೆ ತಿಂದ ದಿನ ಏನೂ ಕಾಣುವುದಿಲ್ಲ. ಎರಡು ದಿನ, ಕೆಲವೊಮ್ಮೆ ಐದು ದಿನ ಬಿಟ್ಟು ಒಸಡು ಬಿಳಿಚಿಕೊಳ್ಳುತ್ತದೆ, ಉಚ್ಚೆ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಅಷ್ಟರಲ್ಲಿ ನೆಂಟರು ಹೋಗಿರುತ್ತಾರೆ, ಬಜ್ಜಿ ಮರೆತುಹೋಗಿರುತ್ತದೆ. ಮಟನ್ ಸಾರಿನ ಮಸಾಲೆ ರುಬ್ಬುವಾಗ ಎಷ್ಟು ಈರುಳ್ಳಿ ಬೆಳ್ಳುಳ್ಳಿ ಹಾಕುತ್ತೇವೆ ಎಂದು ನೆನೆಸಿಕೊಂಡರೆ, "ಬರೀ ಸಾರಲ್ವಾ ಹಾಕಿದ್ದು" ಎಂಬ ಮಾತಿಗೆ ಅರ್ಥವಿಲ್ಲ.

ಮೂಳೆಯ ವಿಷಯ ಬಂದರೆ ಯುಗಾದಿಯ ಮಾರನೇ ದಿನದ ಹೊಸತೊಡಕೇ ನನ್ನ ಕಣ್ಣ ಮುಂದೆ ಬರುತ್ತದೆ. ನಾಯಿಗೆ ಮೂಳೆ ಹಾಕಬೇಡಿ ಅಂದರೆ ನಮ್ಮ ಕಡೆ ನಗುತ್ತಾರೆ. ಆದರೆ ಬೆಂದ ಮೂಳೆ ಹಸಿ ಮೂಳೆಯಂತಲ್ಲ. ಬೆಂದದ್ದು ಒಣಗಿ, ಕಚ್ಚಿದರೆ ಸೂಜಿಯ ಹಾಗೆ ಸೀಳುತ್ತದೆ. ಕೋಳಿಯದಂತೂ ಹೇಳುವುದೇ ಬೇಡ. ಗಂಟಲಲ್ಲಿ ಚುಚ್ಚುತ್ತದೆ, ಕರುಳು ತೂತಾಗುತ್ತದೆ, ಇಲ್ಲವೇ ಮುದ್ದೆಗಟ್ಟಿ ಅಡ್ಡ ನಿಂತು ಆಪರೇಷನ್ನಿಗೆ ಬರುತ್ತದೆ. ಕರಿದದ್ದು, ಕೊಬ್ಬಿನ ತುಂಡು, ತುಪ್ಪ ಸುರಿದದ್ದು ಒಮ್ಮೆಗೇ ಹೊಟ್ಟೆ ಸೇರಿದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ಬೆನ್ನು ಬಿಲ್ಲಿನ ಹಾಗೆ ಬಾಗಿಸಿ ನರಳುವ ನಾಯಿಯನ್ನು ಒಮ್ಮೆ ನೋಡಿದವರು ಮತ್ತೆ ಕಜ್ಜಾಯ ಎಸೆಯುವುದಿಲ್ಲ.

ಚಾಕೊಲೇಟಿನದು ಈಗ ತುಂಬ ಜನಕ್ಕೆ ಗೊತ್ತು. ಅದರಲ್ಲಿರುವ ಥಿಯೋಬ್ರೊಮಿನ್ ನಾಯಿಯ ಮೈಯಲ್ಲಿ ಬಲು ನಿಧಾನವಾಗಿ ಕರಗುತ್ತದೆ, ಅರ್ಧ ಇಳಿಯಲು ಹದಿನೇಳು ಹದಿನೆಂಟು ಗಂಟೆ ಬೇಕು. 5 ಕೆ.ಜಿ. ತೂಕದ ಪಮೇರಿಯನ್ನಿಗೆ 50 ಗ್ರಾಂನ ಕಪ್ಪು ಚಾಕೊಲೇಟು ಎದೆಬಡಿತ ತಪ್ಪಿಸಲು ಸಾಕು. ನಮ್ಮವರಿಗೆ ಗೊತ್ತಿಲ್ಲದಿರುವುದು ಅದರ ಒಡಹುಟ್ಟು, ಕಾಫಿಯ ಕೆಫೀನು. ಸಕಲೇಶಪುರ, ಬೇಲೂರು, ಆಲೂರಿನ ಕಡೆಯಿಂದ ಬರುವ ನೆಂಟರು ಕಾಫಿಪುಡಿ ತರದೆ ಬರುವುದಿಲ್ಲ, ಅದರಲ್ಲೂ ರೊಬಸ್ಟಾ ಬೆರೆತದ್ದಾದರೆ ಕೆಫೀನು ಇನ್ನೂ ಜಾಸ್ತಿ, ರೊಬಸ್ಟಾದಲ್ಲಿ ಅದು ಅರೇಬಿಕಾದ ಹೆಚ್ಚುಕಮ್ಮಿ ಎರಡರಷ್ಟು. ಹದಿನೇಳು ಜನಕ್ಕೆ ದಿನಕ್ಕೆ ಮೂರು ಸಲ ಫಿಲ್ಟರ್ ಇಳಿಸಿದರೆ ಎಷ್ಟು ಚರಟ ಬೀಳುತ್ತದೆ ಲೆಕ್ಕ ಹಾಕಿ. ಗುಲಾಬಿ ಗಿಡಕ್ಕೆ ಒಳ್ಳೆಯದೆಂದು ಕುಂಡಕ್ಕೆ ಸುರಿಯುತ್ತೇವೆ. ಮರಿನಾಯಿ ಅದನ್ನೂ ಕೆದಕಿ ತಿನ್ನುತ್ತದೆ.

ಶುಗರ್ ಇರುವವರು ಜೇಬಿನಲ್ಲಿಟ್ಟುಕೊಳ್ಳುವ ಸಕ್ಕರೆರಹಿತ ಚೂಯಿಂಗ್ ಗಮ್ಮು, ಮಿಠಾಯಿಗಳಲ್ಲಿ ಕೆಲವಕ್ಕೆ ಜೈಲಿಟಾಲ್ ಹಾಕಿರುತ್ತಾರೆ. ಮನುಷ್ಯರಿಗೆ ಅದರಿಂದ ತೊಂದರೆಯಿಲ್ಲ. ನಾಯಿಗೆ ಅರ್ಧ ಗಂಟೆಯಲ್ಲಿ ರಕ್ತದ ಸಕ್ಕರೆ ಇಳಿದು ತೂರಾಡಿ ಬೀಳುತ್ತದೆ, ಜಾಸ್ತಿಯಾದರೆ ಲಿವರ್ ಹೋಗುತ್ತದೆ. ಭಾವನವರ ಪ್ಯಾಂಟಿನ ಜೇಬನ್ನು ಈ ಸಲ ನಾನೇ ತಪಾಸಣೆ ಮಾಡುತ್ತೇನೆ.

ಹಿರಿಯರಿಗೆ ಎಡೆ ಇಡುವ ಮನೆಗಳಿಗೆ ಒಂದು ಮಾತು. ಅವರಿಗೆ ಇಷ್ಟವಾಗಿತ್ತೆಂದು ಬ್ರಾಂದಿಯನ್ನೂ ಲೋಟದಲ್ಲಿ ಇಟ್ಟು ಬಾಗಿಲು ಮುಚ್ಚಿ ಹೊರಬರುತ್ತೀರಿ. ಒಳಗೆ ಬೆಕ್ಕೋ ನಾಯಿಯೋ ಉಳಿದಿದೆಯೇ ಎಂದು ಮಂಚದ ಕೆಳಗೆ ಒಮ್ಮೆ ಇಣುಕಿ. ಬಾಗಿಲು ತೆಗೆದಾಗ ಲೋಟ ಖಾಲಿಯಾಗಿದ್ದರೆ ಹಿರಿಯರು ಬಂದಿದ್ದರೆಂದು ಸಂತೋಷಪಡುವ ಮೊದಲು ಬೆಕ್ಕು ನೆಟ್ಟಗೆ ನಡೆಯುತ್ತಿದೆಯೇ ನೋಡಿ.

ನಗಲು ಹೇಳಿದೆ, ಆದರೂ ನೋಡಿ.

ಬೆಕ್ಕಿನ ಮಾತು ಬಂದದ್ದಕ್ಕೆ ದಾರದ ವಿಷಯ. ಹೂವಿನ ದಂಡೆಯ ದಾರ, ಸಿಹಿಯ ಪೊಟ್ಟಣ ಕಟ್ಟಿದ ದಾರ. ಬೆಕ್ಕಿನ ನಾಲಿಗೆಯ ಮುಳ್ಳು ಒಳಮುಖವಾಗಿರುತ್ತದೆ, ಒಂದು ತುದಿ ಬಾಯಿಗೆ ಹೋದರೆ ಉಗಿಯಲಾರದೆ ನುಂಗುತ್ತಲೇ ಹೋಗುತ್ತದೆ. ಒಳಗೆ ಆ ದಾರ ಕರುಳನ್ನು ಲಂಗದ ನೆರಿಗೆಯ ಹಾಗೆ ಸೇರಿಸಿ ಎಳೆಯುತ್ತದೆ. ಬಾಯಿಯಲ್ಲೋ ಹಿಂದೆಯೋ ದಾರದ ತುದಿ ಕಂಡರೆ ದಯವಿಟ್ಟು ಎಳೆಯಬೇಡಿ, ಕರುಳು ಕತ್ತರಿಸಿಹೋಗುತ್ತದೆ. ಹಾಗೇ ಡಾಕ್ಟರ ಹತ್ತಿರ ಓಡಿ. ಇನ್ನೊಂದು, ವಿಷವಾಯಿತೆಂದು ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ನಮ್ಮ ಹಳೇ ಕ್ರಮವೂ ಬೇಡ. ಉಪ್ಪೇ ಇನ್ನೊಂದು ವಿಷವಾಗುತ್ತದೆ. ಏನು ತಿಂದಿತು, ಎಷ್ಟು, ಎಷ್ಟು ಹೊತ್ತಿಗೆ, ಇಷ್ಟನ್ನು ಬರೆದುಕೊಂಡು ಪೊಟ್ಟಣವಿದ್ದರೆ ಅದನ್ನೂ ಹಿಡಿದು ಹೋದರೆ ಅರ್ಧ ಚಿಕಿತ್ಸೆ ಆದ ಹಾಗೆ.

ಪಟಾಕಿಯ ಬಗ್ಗೆ ನಾನು ಬರೆಯುವುದಿಲ್ಲ. ಎಲ್ಲರೂ ಬರೆಯುತ್ತಾರೆ, ಯಾರೂ ಕೇಳುವುದಿಲ್ಲ. ನನ್ನ ಜಗಳ ಊಟದ ಎಲೆಯ ಜೊತೆ.

ಇನ್ನು ದನ. ಸಾಕುಪ್ರಾಣಿ ಅಂದಕೂಡಲೇ ಪಟ್ಟಣದವರಿಗೆ ನಾಯಿ ಬೆಕ್ಕು ಹೊಳೆಯುತ್ತದೆ, ಇದು ಹಾಲಿನ ಜಿಲ್ಲೆ ಅನ್ನುವುದು ಮರೆತುಹೋಗುತ್ತದೆ. ಬಲಿಪಾಡ್ಯಮಿಯ ದಿನ ಹಸುವಿನ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಚೆಂಡುಹೂವಿನ ಹಾರ ಹಾಕಿ ಪೂಜೆ ಮಾಡಿ ಹೊಟ್ಟೆ ತುಂಬ ಹೋಳಿಗೆ, ಅನ್ನ, ಬಾಳೆಹಣ್ಣು ಕೊಡುತ್ತೇವೆ. ಹಸುವಿನ ಹೊಟ್ಟೆ ಹುಲ್ಲಿಗೆ ಹೊಂದಿಕೊಂಡಿರುವಂಥದ್ದು. ಮೆಲುಕುಚೀಲದೊಳಗಿನ ಸೂಕ್ಷ್ಮಜೀವಿಗಳಿಗೆ ಅಭ್ಯಾಸವಿಲ್ಲದಷ್ಟು ಅಕ್ಕಿ, ಬೇಳೆ, ಬೆಲ್ಲ ಒಮ್ಮೆಗೇ ಬಂದು ಬಿದ್ದರೆ ಅದು ಹುಳಿಯಾಗಿ ತಿರುಗುತ್ತದೆ. ಆ ಹುಳಿ ಮೈಯ ನೀರನ್ನೆಲ್ಲ ಹೊಟ್ಟೆಗೆ ಎಳೆದುಕೊಳ್ಳುತ್ತದೆ. ಮೊದಲು ಮೆಲುಕು ನಿಲ್ಲುತ್ತದೆ, ಹಾಲು ಇಳಿಯುತ್ತದೆ, ಎಡಗಡೆ ಹೊಟ್ಟೆ ಉಬ್ಬರಿಸುತ್ತದೆ, ಮಾರನೇ ದಿನ ನೀರಿನಂಥ ಭೇದಿ. ಎದ್ದು ನಿಲ್ಲಲಾರದ ಹಸು ಕೆಲವೊಮ್ಮೆ ಏಳುವುದೇ ಇಲ್ಲ. ಲಕ್ಷ ರೂಪಾಯಿ ಸಾಲ ಮಾಡಿ ತಂದ ಹಸುವನ್ನು ಪೂಜೆ ಮಾಡಿದ ಮಾರನೇ ದಿನ ಕಳೆದುಕೊಂಡವರ ಮುಖ ನೋಡಲಾಗುವುದಿಲ್ಲ.

ಊರಲ್ಲಾದರೆ ಒಂದು ಹಸುವಿಗೆ ಒಂದು ಮನೆ. ನಮ್ಮ ಬೀದಿಯಲ್ಲಿ ಗೇಟಿನಿಂದ ಗೇಟಿಗೆ ಬರುವ ಹಸುವಿಗೆ ಆ ದಿನ ಇಪ್ಪತ್ತು ಮನೆಯ ಹೋಳಿಗೆ ಸಲ್ಲುತ್ತದೆ. ಪ್ರತಿಯೊಂದು ಗೇಟಿನಲ್ಲೂ ಒಂದೇ ಒಂದು, ಶಾಸ್ತ್ರಕ್ಕೆ. ಗುಂಡನ ಕಥೆಯೇ ಇದು, ಗಾತ್ರ ಮಾತ್ರ ದೊಡ್ಡದು. ಶಾಸ್ತ್ರಕ್ಕೆ ಒಂದು ಚೂರು ಬೆಲ್ಲ, ಮಿಕ್ಕಂತೆ ಒಂದು ಹಿಡಿ ಹಸಿರು ಹುಲ್ಲು ಕೊಟ್ಟರೆ ಗೋಮಾತೆ ಬೇಡವೆನ್ನುವುದಿಲ್ಲ. ಪೂಜೆಗೆ ತಂದ ಕಣಗಿಲೆಯನ್ನಂತೂ, ಹೂವಾಗಲಿ ಎಲೆಯಾಗಲಿ, ದನ ಬಾಯಿ ಹಾಕುವ ಕಡೆ ಎಸೆಯಬೇಡಿ. ಅದರ ಎಲೆ ಒಣಗಿದ ಮೇಲೂ ಹೃದಯಕ್ಕೆ ವಿಷ.

ಮಾನ್ಯ ಜಿಲ್ಲಾಧಿಕಾರಿಗಳೇ, ಈಗ ನಿಮ್ಮ ಪಾಲು. ಹಾಸನಾಂಬೆ ಉತ್ಸವಕ್ಕೆ ನೀವು ಮಾಡುವ ಏರ್ಪಾಟು ಸಣ್ಣದಲ್ಲ. ಬಸ್ಸು, ಪಾರ್ಕಿಂಗು, ಬ್ಯಾರಿಕೇಡು, ಕುಡಿಯುವ ನೀರು, ಆಂಬುಲೆನ್ಸು, ಎಲ್ಲದಕ್ಕೂ ಒಬ್ಬೊಬ್ಬ ಅಧಿಕಾರಿ, ಒಂದೊಂದು ಫೋನ್ ನಂಬರು. ಆ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿ ಎಂದು ಕೇಳುತ್ತಿದ್ದೇನೆ: ನರಕ ಚತುರ್ದಶಿಯಿಂದ ಬಲಿಪಾಡ್ಯಮಿಯ ಮಾರನೇ ದಿನದವರೆಗೆ ಹಗಲು ರಾತ್ರಿ ಯಾವ ಪಶುವೈದ್ಯರು ಎಲ್ಲಿ ಸಿಗುತ್ತಾರೆ ಎಂಬುದು. ಮೆಡಿಕಲ್ ಶಾಪುಗಳು ಸರದಿಯ ಮೇಲೆ ತೆರೆದಿರುವಂತೆ, ಸರ್ಕಾರಿ ವೈದ್ಯರು, ಖಾಸಗಿಯವರು ಮಾತಾಡಿಕೊಂಡು ಸರದಿ ಹಾಕಿಕೊಂಡರೆ ಯಾರ ಹಬ್ಬವೂ ಪೂರ್ತಿ ಕೆಡುವುದಿಲ್ಲ. ಸಂಚಾರಿ ಪಶುಚಿಕಿತ್ಸಾ ವಾಹನಗಳಿಗೆ 1962 ಎಂಬ ಸಹಾಯವಾಣಿ ಇದೆ. ಅದು ಮುಖ್ಯವಾಗಿ ರೈತರ ದನಕರುಗಳಿಗಾಗಿ ಇರುವಂಥದ್ದು, ನನ್ನ ಗುಂಡನಿಗೆ ಬರಲಿ ಎಂದು ಹಟ ಮಾಡುವುದಿಲ್ಲ. ಆದರೆ ಪಾಡ್ಯಮಿಯ ಸಂಜೆ ಮತ್ತು ಮಾರನೇ ಬೆಳಗ್ಗೆ, ಹೊಟ್ಟೆ ಉಬ್ಬರಿಸಿದ ಹಸುಗಳಿಗೆ ಅದು ಬೇಕೇ ಬೇಕಾಗುವ ಹೊತ್ತಿನಲ್ಲಿ, ವಾಹನಗಳು ಸಿಬ್ಬಂದಿಯ ರಜೆಯಿಂದ ನಿಂತಿರಬಾರದು.

ಪಶುಪಾಲನಾ ಇಲಾಖೆಯವರಿಗೆ ಖರ್ಚಿಲ್ಲದ ಒಂದು ಉಪಾಯ ಹೇಳುತ್ತೇನೆ. ಹಳ್ಳಿಯಲ್ಲಿ ಹಸು ಕಟ್ಟಿದವರೆಲ್ಲ ಬೆಳಗ್ಗೆ ಸಂಜೆ ಎರಡು ಹೊತ್ತು ತಪ್ಪದೆ ಬರುವ ಜಾಗ ಹಾಲಿನ ಡೇರಿ. ಕ್ಯಾನು ಹಿಡಿದು ಕಾಯುತ್ತ ನಿಂತಿರುತ್ತಾರೆ, ಓದಲು ಗೋಡೆ ಇದೆ. ಹಬ್ಬಕ್ಕೆ ವಾರ ಮೊದಲೇ ಒಂದು ಹಾಳೆ ಅಂಟಿಸಿ. ಅದರಲ್ಲಿ "ಜಾನುವಾರು ಮಾಲೀಕರು ಸೂಕ್ತ ಮುನ್ನೆಚ್ಚರಿಕೆ ವಹಿಸತಕ್ಕದ್ದು" ಎಂದು ದಯವಿಟ್ಟು ಬರೆಯಬೇಡಿ. "ಹಸುಗೆ ಹೋಳಿಗೆ ಅನ್ನ ರಾಶಿ ಹಾಕ್ಬೇಡಿ, ಮೆಲುಕು ನಿಲ್ಸಿದ್ರೆ ಈ ನಂಬರಿಗೆ ಫೋನ್ ಮಾಡಿ" ಎಂದು ಬರೆಯಿರಿ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ಅಲ್ಲಿನ ಮಕ್ಕಳು ನಾಲ್ಕು ಬ್ಯಾನರ್ ಬರೆದು ದರ್ಶನದ ಕ್ಯೂ ಉದ್ದಕ್ಕೂ ಕಟ್ಟಿದರೆ, ಗಂಟೆಗಟ್ಟಲೆ ನಿಂತ ಜನ ಬೇಡವೆಂದರೂ ಓದುತ್ತಾರೆ. ನಾನು ಹೋದ ವರ್ಷ ಕ್ಯೂನಲ್ಲಿ ಒಂದು ಸೀರೆ ಅಂಗಡಿಯ ಜಾಹೀರಾತನ್ನು ಬಾಯಿಪಾಠವಾಗುವಷ್ಟು ಸಲ ಓದಿದ್ದೇನೆ.

ನಗರದ ಕಸ ನೋಡಿಕೊಳ್ಳುವವರಿಗೆ: ಪ್ರಸಾದ, ಅನ್ನದಾನ ನಡೆಯುವ ಕಡೆ ಎಲೆ, ತಟ್ಟೆ ಎಸೆಯಲು ಮುಚ್ಚಳವಿರುವ ದೊಡ್ಡ ತೊಟ್ಟಿಗಳು ಬೇಕು. ಅದು ರಾತ್ರಿಯೇ ಖಾಲಿಯಾಗಬೇಕು, ಬೆಳಗ್ಗೆಯಲ್ಲ. ರಾತ್ರಿ ಉಳಿದ ಎಲೆಯ ರಾಶಿಗೆ ಬೆಳಗಾಗುವುದರೊಳಗೆ ದನ, ನಾಯಿ ಎಲ್ಲ ಮುಗಿಬಿದ್ದಿರುತ್ತವೆ. ಅನ್ನದ ವಾಸನೆಗೆ ಪ್ಲಾಸ್ಟಿಕ್ ಕವರನ್ನೂ ಸೇರಿಸಿ ನುಂಗುವ ದನದ ಹೊಟ್ಟೆಯಲ್ಲಿ ಅದು ಸಾಯುವವರೆಗೆ ಹಾಗೇ ಕೂತಿರುತ್ತದೆ.

ಕೊನೆಯದಾಗಿ ನಮ್ಮ ನೆಂಟರಿಗೆ. ಅಣ್ಣಂದಿರೇ, ಅತ್ತಿಗೆಯರೇ, ಚಿಕ್ಕಮ್ಮಂದಿರೇ, ಮಕ್ಕಳೇ, ನಿಮ್ಮ ಯಾರ ಮೇಲೂ ಕೋಪವಿಲ್ಲ. ನಾನೂ ಆ ಪಟ್ಟಿಯಲ್ಲಿದ್ದೇನೆ. ಮೊನ್ನೆ ಮಗ ಮತ್ತೆ ಒಂದು ಮರಿ ತಂದು ಬಿಟ್ಟಿದ್ದಾನೆ. ಬೇಡ ಬೇಡ ಅಂದೆ, ಈಗ ನನ್ನ ಮಂಚದ ಕೆಳಗೇ ಮಲಗುತ್ತದೆ. ಮೂರು ತಿಂಗಳ ಕರಿ ಮರಿ, ಇನ್ನೂ ಹೆಸರಿಟ್ಟಿಲ್ಲ.

ಈ ಸಲ ಮನೆಯಲ್ಲಿ ಹೀಗೆ ನಡೆಯುತ್ತದೆ. ನೀವು ಎಲೆಯ ಮುಂದೆ ಕೂರುವ ಅರ್ಧ ಗಂಟೆ ಮೊದಲೇ ಮರಿಯ ಊಟ ಆಗಿರುತ್ತದೆ, ಹಸಿವಿನಿಂದ ನೋಡುತ್ತಿದೆ ಎಂದು ಯಾರೂ ಮರುಗಬೇಕಾಗಿಲ್ಲ. ಪಂಕ್ತಿ ಎದ್ದು ಎಲೆ ತೆಗೆದು ನೆಲ ಒರೆಸುವವರೆಗೆ ಅದು ಹಿಂದಿನ ಕೋಣೆಯಲ್ಲಿ, ಬಾಗಿಲು ಹಾಕಿ. ಕೀ ನನ್ನ ಸೆರಗಿನಲ್ಲಿ. ಆ ಕೋಣೆಗೆ ಚಾಪೆ ಹಾಸುವುದಿಲ್ಲ, ಅದು ಮರಿಯ ಪಾಲು. ಮಲಗಿದ ಮರಿಯನ್ನು ಮಕ್ಕಳು ಎಬ್ಬಿಸಿ ಎತ್ತಿಕೊಳ್ಳುವುದು ಬೇಡ, ಗಾಬರಿಯಲ್ಲಿ ಹಲ್ಲು ತಾಗಿದರೆ ಹದಿನೈದು ನಿಮಿಷ ಸೋಪುನೀರಿನಲ್ಲಿ ತೊಳೆದು ಇಂಜೆಕ್ಷನ್ನಿಗೆ ಓಡಬೇಕು, ದರ್ಶನ ಅಲ್ಲಿಗೆ ಮುಗಿಯಿತು. ಗೇಟನ್ನು ಕೊನೆಗೆ ಬಂದವರು ಹಾಕಬೇಕು. ಏನಾದರೂ ತಿನ್ನಿಸಲೇಬೇಕು ಅನ್ನಿಸಿದವರಿಗೆ ಅಡುಗೆಮನೆಯ ಕಟ್ಟೆಯ ಮೇಲೆ ನೀಲಿ ಡಬ್ಬ ಇಟ್ಟಿರುತ್ತೇನೆ. ಸೌತೆಕಾಯಿ ಹೋಳು, ಬೇಯಿಸಿದ ಕುಂಬಳಕಾಯಿ, ಉಪ್ಪು ಖಾರ ಮುಟ್ಟಿಸದೆ ಬೇಯಿಸಿದ, ಮೂಳೆಯಿಲ್ಲದ ಕೋಳಿಯ ಚೂರು. ದಿನದ ಪಾಲು ಬೆಳಗ್ಗೆಯೇ ತುಂಬಿಸಿರುತ್ತೇನೆ. ಡಬ್ಬ ಖಾಲಿಯಾದರೆ ಆ ದಿನಕ್ಕೆ ಮುಗಿಯಿತು, ಯಾರು ಕೊಟ್ಟರೂ ಅದರಿಂದಲೇ.

ಆ ಡಬ್ಬದ ಉಸ್ತುವಾರಿಯನ್ನು ತಮ್ಮನ ಮೊಮ್ಮಗಳಿಗೆ ವಹಿಸಿದ್ದೇನೆ. ಫೋನಿನಲ್ಲಿ ಹೇಳಿದಾಗ, "ದ್ರಾಕ್ಷಿ ಹಾಕ್ತೀರಾ ಅಜ್ಜಿ?" ಎಂದು ಕೇಳಿದಳು. ನಾಯಿಗೆ ದ್ರಾಕ್ಷಿ ಆಗಲ್ಲ ಕಂದ ಅಂದೆ. ಒಂದು ಗಳಿಗೆ ಆ ಕಡೆಯಿಂದ ಮಾತಿಲ್ಲ. ಆಮೇಲೆ, ಮರಿಗೆ ಹೆಸರು ನಾನೇ ಇಡ್ಲಾ ಎಂದು ಕೇಳಿದಳು. ಇಡು ಅಂದಿದ್ದೇನೆ.

ಇತಿ,
ಸಾಲಗಾಮೆ ರಸ್ತೆಯ ಒಬ್ಬ ನಿವೃತ್ತ ಶಿಕ್ಷಕಿ, ಹಾಸನ